ಕಣ್ಣು ಮೊದಲು, ಕೈ ಆಮೇಲೆ

ನಮ್ಮ ಸಾಹಿತ್ಯದ ಮೇಷ್ಟ್ರು ದುರಾಸೆಯ ಪಾಠಕ್ಕೆ ನಿಂತರೆಂದರೆ ಪಕ್ಕದ ತರಗತಿಯವರೂ ಲೆಕ್ಕ ಬಿಟ್ಟು ಕಿವಿ ನಿಮಿರಿಸಬೇಕು! “ನೋಡ್ರೋ, ಹಳೇ ಕವಿಗಳು ಎಂಥಾ ಜಾಣರು! ಆಸೆಬುರುಕನ ಕೈ ಮೊದಲು ತೋರಿಸೋದೇ ಇಲ್ಲ. ಕಣ್ಣು ಮೊದಲು, ಕೈ ಆಮೇಲೆ!” ಎನ್ನುತ್ತ, ಪರರ ರಾಜ್ಯಕ್ಕೆ ಬಾಯಿಬಾಯಿ ಬಿಡುವ ಅರಸನಾಗಿ, ನೆರೆಯವನ ಹಸು ಕಂಡು ನಿದ್ದೆಗೆಟ್ಟ ಮುದುಕನಾಗಿ ಬೆಂಚುಗಳ ನಡುವೆ ಕುಣಿದಾಡುತ್ತಾರೆ. ಅದೇ ಮೇಷ್ಟ್ರು ನಿಮ್ಮ ಮನೆಗೆ ಬಂದರೋ, ಅವರ ಕಣ್ಣು ಮೊದಲು ಹೋಗುವುದು ನಿಮ್ಮ ಪುಸ್ತಕದ ಕಪಾಟಿಗೆ! “ಎರಡೇ ದಿನ, ಓದಿ ಕೊಟ್ಟುಬಿಡ್ತೀನಿ” ಎಂದು ಕಂಕುಳಿಗೆ ಸೇರಿಸಿದ ಪುಸ್ತಕ ಮತ್ತೆ ನಿಮ್ಮ ಹೊಸ್ತಿಲು ಕಂಡರೆ ಕೇಳಿ. ಅವರ ಹೆಂಡತಿಯಂತೂ, “ಮನೇಲಿ ಕಾಲಿಡೋಕೆ ಜಾಗ ಇಲ್ಲ, ಪಾಠ ಮಾತ್ರ ದುರಾಸೆ ಕೆಟ್ಟದ್ದು ಅಂತ!” ಎಂದು ಬಂದವರೆದುರೇ ಹಣೆ ಚಚ್ಚಿಕೊಳ್ಳುತ್ತಾರೆ. ಹಾಗೆ ಅವರ ಕಂಕುಳು ಸೇರಿದ್ದ, ತೀರಿಕೊಂಡ ನನ್ನಪ್ಪನ ಪುಸ್ತಕವೊಂದನ್ನು ಮೂರು ವರ್ಷ ಕಾದು ಬಿಡಿಸಿಕೊಂಡು ಬರಲು ಮೊನ್ನೆ ನಾನೇ ತೋಳೇರಿಸಿಕೊಂಡು ಹೋದೆ. ಮೇಷ್ಟ್ರು ತಪ್ಪಿತಸ್ಥರಂತೆ ತಲೆ ತಗ್ಗಿಸಿ ತಂದುಕೊಟ್ಟರು. ಬಿಚ್ಚಿ ನೋಡುತ್ತೇನೆ, ಹರಿದ ಹಾಳೆಗಳಿಗೆಲ್ಲ ತೆಳುಕಾಗದದ ತೇಪೆ, ಬೆನ್ನಿಗೆ ಹೊಸ ಹೊಲಿಗೆ! ಅಂಚಿನಲ್ಲಿ ಅಪ್ಪ ಪೆನ್ಸಿಲಿನಿಂದ ಬರೆದು ಮಾಸಿಹೋಗಿದ್ದ ಮಾತುಗಳನ್ನು, ಅಪ್ಪನದೇ ಓರೆ ಅಕ್ಷರದ ಮೇಲೆ, ಒಂದೊಂದಾಗಿ ಮಸಿಯಲ್ಲಿ ತಿದ್ದಿದ್ದಾರೆ! “ಇನ್ನು ನಾಲ್ಕೇ ಪುಟ ಉಳಿದಿತ್ತು ಕಣಪ್ಪಾ” ಎಂದರು, ಕಣ್ಣು ಮಾತ್ರ ಪುಸ್ತಕದ ಮೇಲೆಯೇ. ಅದನ್ನು ಅವರ ಕೈಗೇ ಇಟ್ಟು ಮನೆಗೆ ಓಡಿದವನು, ಅಪ್ಪನ ಇನ್ನೆರಡು ಪುಸ್ತಕಗಳನ್ನು ಕಂಕುಳಿಗೆ ಸೇರಿಸಿ ಅಷ್ಟೇ ಬೇಗ ಅವರ ಬಾಗಿಲಿಗೆ ಬಂದು ನಿಂತೆ!