ಶಾಂತಪ್ಪ ಉಸ್ತಾದ್ ಮತ್ತು ಎರಡು ಮ್ಯಾನಿಫೋಲ್ಡ್‌ಗಳು

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿದ್ದ ಶಾಂತಪ್ಪನ ಷೆಡ್ಡಿಗೆ ಬೋರ್ಡು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಗಲ್ಲಿಯ ತುದಿಯ ಚಹಾದ ಅಂಗಡಿಯಲ್ಲಿ ನಿಂತು "ಫಿಯಟ್ ಉಸ್ತಾದ್ ಎಲ್ಲಿ?" ಎಂದರೆ ಸಾಕು, ಯಾವ ಭಾಷೆಯವರಾದರೂ ಕೈ ಮಾಡಿ ತೋರಿಸುತ್ತಿದ್ದರು.

ಅವನು ಮುದ್ದೇಬಿಹಾಳದ ಕಡೆಯವನು. ಅಣ್ಣನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನೌಕರಿ ಸಿಕ್ಕಾಗ ಅವನ ಬೆನ್ನು ಹತ್ತಿ ಹೈದರಾಬಾದಿಗೆ ಬಂದಿದ್ದ. ಅಣ್ಣನಿಗೆ ಸಿಕ್ಕಿದ್ದು ತಮ್ಮನಿಗೆ ಸಿಗಲಿಲ್ಲ. ಹನ್ನೊಂದು ವರ್ಷ ಒಂದು ಖಾಸಗಿ ಲಾರಿ ವರ್ಕ್‌ಶಾಪಿನಲ್ಲಿ ದುಡಿದ. ಬಿಚ್ಚಿ ಕಟ್ಟಿದ ಎಂಜಿನ್ನುಗಳನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು, ಸೈಲೆನ್ಸರ್ ಇಲ್ಲದೆ, ಬೆಳಗಿನಿಂದ ಸಂಜೆಯ ತನಕ ಓಡಿಸಿ ನೋಡುವುದು ಅವನ ಕೆಲಸ. ಅಲ್ಲಿಯೇ ಎಂಜಿನ್ನಿನ ಸದ್ದನ್ನು ಓದಲು ಕಲಿತ. ಆಮೇಲೆ ಸ್ವಂತ ಷೆಡ್ಡು ಹಾಕಿದ.

ಒಂದು ಮೊಳ ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಕಾರ್ಬೊರೇಟರಿನ ಬಾಯಿಗೆ ಹಿಡಿದು, ಒಳಗೆ ನುಗ್ಗುವ ಗಾಳಿಯ ಸುಯ್ಲು ಕೇಳಿ ಅವನು ಸ್ಕ್ರೂ ತಿರುಗಿಸುತ್ತಿದ್ದ. ಉಳಿದವರು ಸಂದುಗಳಿಗೆ ಎಣ್ಣೆ ಹಚ್ಚಿ, ಎಲ್ಲಿ ಗಾಳಿ ಸೋರುತ್ತದೆ ಎಂದು ಪರೀಕ್ಷಿಸುತ್ತಿದ್ದರೆ ಶಾಂತಪ್ಪ ನಗುತ್ತಿದ್ದ. "ಎಣ್ಣಿ ಕಿವಿ ಇಲ್ಲದವರಿಗೆ" ಎನ್ನುತ್ತಿದ್ದ. ಆ ಮಾತು ಅವನ ಬಾಯಲ್ಲಿ ಎಷ್ಟು ಸಲ ಬಂದಿತ್ತೋ ಅವನಿಗೇ ಲೆಕ್ಕವಿರಲಿಲ್ಲ.

ಎಂಬತ್ತನಾಲ್ಕರ ಚಳಿಗಾಲದಲ್ಲಿ ನರಹರಿ ತನ್ನ ಬಿಳಿ ಫಿಯಟ್ಟನ್ನು ತಂದು ನಿಲ್ಲಿಸಿದ. ರಾಯಚೂರಿನವನು, ಬೇಗಂಪೇಟೆಯ ಒಂದು ಕಚೇರಿಯಲ್ಲಿ ಅಧಿಕಾರಿ, ನಲವತ್ತರ ಹತ್ತಿರ. ಕಾರಿನ ಹುಚ್ಚು. ಬರುವ ಬೇಸಗೆಯಲ್ಲಿ ಗೆಳೆಯರೆಲ್ಲ ಸೇರಿ ಊರ ಹೊರಗಿನ ಗುಡ್ಡದ ದಾರಿಯಲ್ಲಿ ಒಂದು ಪಂದ್ಯ ಇಟ್ಟುಕೊಂಡಿದ್ದರು. ಒಬ್ಬೊಬ್ಬರೇ ಗುಡ್ಡ ಹತ್ತಬೇಕು, ಯಾರು ಬೇಗ ಮುಟ್ಟುತ್ತಾರೋ ಅವರು ಗೆದ್ದಂತೆ.

ಅವನು ಡಿಕ್ಕಿ ತೆರೆದು ಎರಡು ಗೋಣಿ ಪೊಟ್ಟಣ ಬಿಚ್ಚಿದ. ಎರಡರಲ್ಲೂ ಅಲ್ಯೂಮಿನಿಯಂ ಮ್ಯಾನಿಫೋಲ್ಡ್. ಕಾರ್ಬೊರೇಟರಿನಲ್ಲಿ ಬೆರೆತ ಗಾಳಿ-ಪೆಟ್ರೋಲನ್ನು ನಾಲ್ಕು ಸಿಲಿಂಡರಿಗೂ ಹಂಚುವ ಕವಲು ಕೊಳವೆ ಅದು. ಕಂಪನಿಯದು ಕಾರಿನಲ್ಲಿ ಇದ್ದೇ ಇತ್ತು. ಇವೆರಡು ಹೊರಗೆ ಎರಕ ಹೊಯ್ದವು. ಒಂದು ಮುಂಬಯಿಯದು, ಉದ್ದ ಕವಲು, ಸಣ್ಣ ತೂತು, ಒಂದೇ ಕಾರ್ಬೊರೇಟರಿಗೆ ಜಾಗ. ಇನ್ನೊಂದು ಕೊಯಮತ್ತೂರಿನದು, ಗಿಡ್ಡ ಕವಲು, ಹೆಬ್ಬೆರಳು ಸಲೀಸಾಗಿ ಆಡುವಷ್ಟು ಅಗಲ ತೂತು, ಎರಡು ಕಾರ್ಬೊರೇಟರ್ ಕೂರುತ್ತವೆ. ಕೊಯಮತ್ತೂರಿನದನ್ನು ಬಸ್ ನಿಲ್ದಾಣದ ಎದುರಿನ ಬಿಡಿಭಾಗದ ವ್ಯಾಪಾರಿ ಚನ್ನಬಸಪ್ಪನವರು ತರಿಸಿಕೊಟ್ಟಿದ್ದರು.

"ಯಾವುದು ಛಲೋ, ಉಸ್ತಾದ್?" ನರಹರಿ ಕೇಳಿದ.

"ಬರೇ ಕಣ್ಣಿಲೆ ನೋಡಿ ಹೇಳಿದ್ರ ಅದು ಸುಳ್ಳಾಕ್ಕೈತ್ರಿ. ಒಂದೊಂದ ಕೂಡಿಸಿ, ಅದೇ ದಾರಿ, ಅದೇ ಏರು, ಅಷ್ಟೇ ಪೆಟ್ರೋಲ್ ಹಾಕಿ ಓಡಿಸಿ ನೋಡೂಣು. ಮೂರು ಐತವಾರ ಕೊಡ್ರಿ."

ಮೊದಲ ಭಾನುವಾರ ಕಂಪನಿಯದನ್ನೇ ಇಟ್ಟುಕೊಂಡು ಗಂಡಿಪೇಟೆಯ ರಸ್ತೆಯ ಏರಿನಲ್ಲಿ ಓಡಿಸಿ, ಗಡಿಯಾರ ಹಿಡಿದು ಹೊತ್ತು ಬರೆದುಕೊಂಡರು. ಎರಡನೆಯ ವಾರ ಮುಂಬಯಿಯದು. ಏರಿನ ಬುಡದಲ್ಲಿ ಕಾರು ಎತ್ತಿನ ಹಾಗೆ ಎಳೆಯಿತು. ತುದಿಯಲ್ಲಿ ಮಾತ್ರ ಉಸಿರು ಸಾಲಲಿಲ್ಲ. ಮೂರನೆಯ ವಾರಕ್ಕೆ ಶಾಂತಪ್ಪ ಶನಿವಾರವೇ ಕೊಯಮತ್ತೂರಿನದನ್ನು ಬಿಗಿದ. ಎಂಜಿನ್ನಿಗೂ ಮ್ಯಾನಿಫೋಲ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ಟನ್ನು ಹಾಳೆಯಿಂದ ತಾನೇ ಕತ್ತರಿಸಿದ. ಎಂಜಿನ್ ಹಚ್ಚಿ, ನಳಿಕೆಯನ್ನು ಎರಡೂ ಕಾರ್ಬೊರೇಟರಿಗೆ ಹಿಡಿದು ಸರಿತೂಗಿಸಿ, ಆಮೇಲೆ ಸಂದುಗುಂಟ ಆಡಿಸಿದ. ಏನೂ ಕೇಳಿಸಲಿಲ್ಲ. ಏನೂ ಕೇಳಿಸಲಿಲ್ಲ ಎಂದರೆ ಸೋರಿಕೆ ಇಲ್ಲ ಎಂದೇ ಅರ್ಥ ಮಾಡಿಕೊಂಡ.

ನರಹರಿ ಕಚೇರಿಯಿಂದ ನೇರ ಬಂದಿದ್ದ. ಭಾನುವಾರದ ತನಕ ತಡೆಯುವ ಮನಸ್ಸಿಲ್ಲ.

"ಒಂದ್ ಸುತ್ತು ಹೋಗಿ ಬರ್ಲೇನು?"

"ನಡೀರಿ. ಎಲ್ಲಾ ಬರೋಬ್ಬರಿ ಐತಿ" ಎಂದು ಶಾಂತಪ್ಪ ಕೀಲಿ ಕೊಟ್ಟ.

ಗಂಡಿಪೇಟೆಯ ಏರಿನ ಅರ್ಧದಲ್ಲಿ ಕಾರು ಮುಗ್ಗರಿಸಿತು. ಕಾರ್ಬೊರೇಟರ್ ಎರಡು ಸಲ ಪಟಪಟ ಕೆಮ್ಮಿತು. ನರಹರಿ ಬದಿಗೆ ನಿಲ್ಲಿಸಿ, ಇಳಿದು, ಎಡಗೈಯಿಂದ ಬಾನೆಟ್ಟು ಎತ್ತಿದ. ಒಳಗೆ ಆಗಲೇ ಹತ್ತಿಕೊಂಡಿದ್ದ ಬೆಂಕಿ ಗಾಳಿ ಸಿಕ್ಕಿ ಮೇಲೆದ್ದಿತು. ಆ ದಾರಿಯಲ್ಲಿ ಬಂದ ಹಾಲಿನ ವ್ಯಾನಿನವನು ಮಣ್ಣೆರಚಿ ಬೆಂಕಿ ಆರಿಸಿ, ಅವನನ್ನು ಆಸ್ಪತ್ರೆಗೆ ಸೇರಿಸಿದ. ಮುಖ ಉಳಿಯಿತು. ಎಡಗೈ ಮಣಿಕಟ್ಟಿನ ತನಕ ಸುಟ್ಟಿತು.

ಮರುದಿನ ಕರಿ ಹಿಡಿದ ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಗಲ್ಲಿಯ ಮಂದಿ ಸುತ್ತ ನಿಂತು ತೀರ್ಪು ಕೊಟ್ಟರು: ಕೊಯಮತ್ತೂರಿನ ಎರಕವೇ ಖೋಟಾ. ಶಾಂತಪ್ಪ ಉಸ್ತಾದ್ ಕೂಡಿಸಿದ್ದರಲ್ಲಿ ತಪ್ಪಿರಲು ಸಾಧ್ಯವೇ? ಆಸ್ಪತ್ರೆಯಲ್ಲಿ ನರಹರಿಯೂ ಅದನ್ನೇ ಹೇಳಿದ. ಚನ್ನಬಸಪ್ಪನವರು ಅರವತ್ತು ದಾಟಿದವರು, ತಮ್ಮ ಅಂಗಡಿಯಿಂದ ಹೋದ ಸಾಮಾನು ಒಬ್ಬನ ಕೈ ಸುಟ್ಟಿತೆಂದು ನಾಲ್ಕು ದಿನ ಅಂಗಡಿ ತೆಗೆಯಲಿಲ್ಲ. ಐದನೆಯ ದಿನ ಷೆಡ್ಡಿಗೆ ಬಂದು ಹೊಸಿಲಲ್ಲೇ ನಿಂತರು.

"ಶಾಂತಪ್ಪ, ಮೂವತ್ತು ವರ್ಷದಾಗ ಒಬ್ಬರ ಕಡಿಂದನೂ ಮಾತು ಬಂದಿದ್ದಿಲ್ಲ. ಆ ಎರಕದಾಗ ಏನ್ ಕೆಟ್ಟಿತ್ತು, ನನಗ ತೋರಸು. ಮಾಡಿದವರಿಗೆ ಪತ್ರ ಬರೀತೀನಿ. ಇನ್ನೊಬ್ಬರಿಗೆ ಹಿಂಗ ಆಗಬಾರ್ದು."

"ಬಿಚ್ಚಿ ನೋಡಿ ಹೇಳ್ತೀನ್ರಿ" ಎಂದ ಶಾಂತಪ್ಪ. ಅವರ ಮುಖ ನೋಡಲು ಅವನಿಗೆ ಆಗಲಿಲ್ಲ. ಯಾಕೆಂದು ಅವನಿಗೂ ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ.

ಮ್ಯಾನಿಫೋಲ್ಡ್ ಬಿಚ್ಚಿ, ತೊಳೆದು, ದಪ್ಪ ಗಾಜಿನ ಮೇಲೆ ಬೋರಲು ಇಟ್ಟ. ಎಲ್ಲೂ ಕೂದಲು ತೂರುವಷ್ಟು ಸಂದಿಲ್ಲ. ಸೀಳಿಲ್ಲ, ತೂತಿಲ್ಲ. ಯಾರೋ ಶ್ರದ್ಧೆಯಿಂದ ಮಾಡಿದ ಎರಕ. ಆಮೇಲೆ ಗ್ಯಾಸ್ಕೆಟ್ಟನ್ನು ಬೆಳಕಿಗೆ ಹಿಡಿದ. ನಾಲ್ಕನೆಯ ತೂತಿನ ಅಂಚನ್ನು ಅವನ ಕತ್ತರಿಯೇ ತೀರ ಸಣ್ಣಗೆ ಮಾಡಿತ್ತು, ಅಲ್ಲಿ ಅದು ಹರಿದಿತ್ತು. ಅಲ್ಲಿಂದ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲು ಸಾಲದಾಗಿ, ಬೆಂಕಿ ಕಾರ್ಬೊರೇಟರಿನ ಬಾಯಿಗೆ ಹಿಂದಕ್ಕೆ ಹಾರಿತ್ತು. ಹರಿದದ್ದು ಬೆಂಕಿಯಲ್ಲಿಯೋ, ಮೊದಲೇನೋ? ಮೊದಲೇ ಹರಿದಿದ್ದರೆ ತನಗೆ ಕೇಳಿಸಬೇಕಿತ್ತಲ್ಲ?

ಸುಟ್ಟ ತಂತಿ, ನಳಿಕೆಗಳನ್ನು ಬದಲಿಸಿ, ಅದೇ ಹರಕು ಗ್ಯಾಸ್ಕೆಟ್ ಇಟ್ಟು ಮತ್ತೆ ಬಿಗಿದು, ಎಂಜಿನ್ ಹಚ್ಚಿ ಕಿವಿಗೊಟ್ಟ. ಸಿಲಿಂಡರುಗಳ ದಪ್ಪ ಗುಡುಗು ಕೇಳಿಸಿತು. ಸುಯ್ಲು ಕೇಳಿಸಲಿಲ್ಲ. ಹಾಗಾದರೆ ಬೆಂಕಿಯಲ್ಲಿ ಹರಿದಿರಬೇಕು, ಈಗ ಎರಡು ಲೋಹ ಒತ್ತಿಕೊಂಡು ಮುಚ್ಚಿರಬೇಕು ಎಂದು ಮನಸ್ಸು ಒಂದು ಗಳಿಗೆ ಹಗುರಾಯಿತು.

ಅಷ್ಟರಲ್ಲಿ ಹೆಂಡತಿ ಶಿವದೇವಿ ಬುತ್ತಿ ತಂದಳು. ಬುತ್ತಿ ಕೆಳಗಿಡುವ ಮೊದಲೇ ಕಾರಿನತ್ತ ನೋಡಿ ಹಿಂದೆ ಸರಿದಳು.

"ಏನ್ರಿ ಅದು? ಹಾವು ಬುಸುಗುಟ್ಟಿದಂಗ ಸಪ್ಪಳ?"

"ಎಲ್ಲಿ?"

"ಅಲ್ಲೇ ಐತಲ್ರಿ. ನಿಮಗ ಕೇಳಸೂದಿಲ್ಲೇನು?"

ಅವನು ಬಗ್ಗಿದ. ನಳಿಕೆ ಹಿಡಿದ. ಇನ್ನೊಂದು ಕಿವಿಗೆ ಬದಲಿಸಿದ. ಶಿವದೇವಿ ಬೆರಳಿಟ್ಟು ತೋರಿಸಿದಳು: ನಾಲ್ಕನೆಯ ಕವಲಿನ ಬುಡ. ಅವನು ಅಲ್ಲಿಗೆ ಒಂದು ಹನಿ ಎಣ್ಣೆ ಬಿಟ್ಟ. ಎಣ್ಣೆ ಒಳಗೆ ಹೀರಿಹೋಯಿತು, ಎಂಜಿನ್ನಿನ ಓಟ ಬದಲಾಯಿತು. ಅವನು ಎಂಜಿನ್ ಆರಿಸಿ ಮೆಟ್ಟಿಲ ಮೇಲೆ ಕುಳಿತ.

"ಕುಕ್ಕರ್ ಸೀಟಿ ಹೊಡದ್ರೂ ನೀವು ಏಳೂದಿಲ್ಲ" ಶಿವದೇವಿ ಮೆಲ್ಲಗೆ ಅಂದಳು. "ಮಾತಾಡಿದ್ದೆಲ್ಲಾ ಕೇಳಸ್ತೈತಿ. ಸೀಟಿ ಮಾತ್ರ ಕೇಳಸೂದಿಲ್ಲ. ಬೇಕಂತನ ಕೇಳದಂಗ ಕೂಡ್ತೀರಿ ಅಂತ ನಾನು ಬೈತಿದ್ದೆ."

ವೈದ್ಯರು ಪರೀಕ್ಷಿಸಿ ಹೇಳಿದ್ದೂ ಅದನ್ನೇ. ಲಾರಿ ಎಂಜಿನ್ನುಗಳ ನಡುವೆ ಕಳೆದ ವರ್ಷಗಳು ಸಣ್ಣ ಸದ್ದುಗಳನ್ನು ತಿಂದುಬಿಟ್ಟಿದ್ದವು. ಹೋದದ್ದು ಮರಳಿ ಬರುವುದಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದು ಶಾಂತಪ್ಪ ಕೇಳಿದ, ವೈದ್ಯರಿಗೆ ಗೊತ್ತಿರಲಿಲ್ಲ. ಎರಡು ವರ್ಷವೋ, ನಾಲ್ಕೋ. ಅಷ್ಟು ದಿನ ಬರೀ ಕೈಯ ರೂಢಿಯ ಮೇಲೆ ಕೆಲಸ ನಡೆದಿತ್ತು.

ಹೇಳದೆ ಇರಬಹುದಿತ್ತು. ಗ್ಯಾಸ್ಕೆಟ್ಟನ್ನು ಒಲೆಗೆ ಹಾಕಿದ್ದರೆ ಮುಗಿಯುತ್ತಿತ್ತು. ಎರಡು ದಿನ ಅದು ಅವನ ಅಂಗಿಯ ಕಿಸೆಯಲ್ಲೇ ಇತ್ತು. ಮೂರನೆಯ ದಿನ ಚನ್ನಬಸಪ್ಪನವರ ಅಂಗಡಿಗೆ ಹೋಗಿ, ಗಿರಾಕಿಗಳು ನಿಂತಿದ್ದಂತೆಯೇ, ಅದನ್ನು ಅವರ ಮೇಜಿನ ಮೇಲೆ ಇಟ್ಟ.

"ನಿಮ್ಮ ಎರಕದಾಗ ಏನೂ ಕೆಟ್ಟಿಲ್ರಿ. ತಪ್ಪು ನಂದು. ನನ್ನ ಕಿವಿ ಹೋಗ್ಯಾವು. ಎಣ್ಣಿ ಹಚ್ಚಿ ನೋಡಿದ್ರ ತಿಳೀತಿತ್ತು, ಸೊಕ್ಕಿಲೆ ನೋಡಲಿಲ್ಲ. ಇದನ್ನ ನಾಕ್ ಮಂದಿ ಮುಂದ ಹೇಳ್ರಿ."

ಮುದುಕರು ಗ್ಯಾಸ್ಕೆಟ್ಟನ್ನು ಎತ್ತಿ, ತಿರುಗಿಸಿ ನೋಡಿದರು. ಕಡೆಗೆ, "ಕೂಡು, ಚಹಾ ಕುಡಿ" ಎಂದರು. ಶಾಂತಪ್ಪ ಕುಡಿಯದೆ ಎದ್ದು ಬಂದ.

ನರಹರಿಯ ಮನೆಯಲ್ಲಿ ಅಷ್ಟು ಸುಲಭವಾಗಲಿಲ್ಲ. ಅವನ ಹೆಂಡತಿ ಪ್ರಫುಲ್ಲಾ ಎಲ್ಲ ಕೇಳಿಸಿಕೊಂಡಳು. ಒಳಕೋಣೆಯಲ್ಲಿ ನರಹರಿ ಕೈಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ, ಬಾಗಿಲು ತೆರೆದೇ ಇತ್ತು.

"ಕಿವಿ ಕೇಳಸೂದಿಲ್ಲ ಅನ್ನೂದ ಗೊತ್ತಿಲ್ದ ಬ್ಯಾರೆಯವರ ಜೀವದ ಮ್ಯಾಲೆ ಕೈ ಹಾಕ್ತೀರೇನು? ಹೋಗ್ರಿ ಇಲ್ಲಿಂದ. ಮತ್ತ ಈ ಮನಿಗೆ ಬರಬ್ಯಾಡ್ರಿ."

ಶಾಂತಪ್ಪ ಕೈ ಮುಗಿದು ಇಳಿದು ಬಂದ. ಅವಳು ಅಂದದ್ದರಲ್ಲಿ ಒಂದಕ್ಷರವೂ ಹೆಚ್ಚಾಗಿರಲಿಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸಿತು.

ಎರಡು ತಿಂಗಳು ಅವನು ಹೊಸ ಕೆಲಸ ಹಿಡಿಯಲಿಲ್ಲ. ಬೆಂದ ಕಾರನ್ನು ಮಾತ್ರ ಒಂದೊಂದೇ ತಂತಿ ಎಳೆದು, ಬಣ್ಣ ಹೊಡೆಸಿ, ಹೊಸದರಂತೆ ಮಾಡಿ, ಮೇಲೆ ಬಟ್ಟೆ ಹೊದಿಸಿ ಇಟ್ಟ. ಯಾರೂ ಕೇಳಿಕೊಂಡು ಬರಲಿಲ್ಲ. ಫೆಬ್ರುವರಿಯ ಒಂದು ಬೆಳಿಗ್ಗೆ ನರಹರಿಯೇ ರಿಕ್ಷಾದಿಂದ ಇಳಿದ. ಎಡಗೈಯ ಬಟ್ಟೆ ಬಿಚ್ಚಿತ್ತು. ಚರ್ಮ ನಯವಾಗಿ, ಕೆಂಪಗೆ ಹೊಳೆಯುತ್ತಿತ್ತು. ಬೆರಳುಗಳು ಅರ್ಧ ಮಡಚಿ ಅಲ್ಲಿಗೇ ನಿಲ್ಲುತ್ತಿದ್ದವು.

ಅವನು ಬಟ್ಟೆ ಸರಿಸಿ ಕಾರನ್ನು ನೋಡಿದ. ಆಮೇಲೆ ಕೇಳಿದ, "ಯಾವುದು ಛಲೋ ಅಂತ ನೀವು ಇನ್ನೂ ಹೇಳಲಿಲ್ಲ."

"ನಾ ಇನ್ನ ಆ ಕೆಲಸ ಮಾಡೂ ಮನಿಷಾ ಅಲ್ರಿ."

"ಹಿಡಿದ ಕೆಲಸ ಅರ್ಧಕ್ಕ ಬಿಡ್ತೀರೇನು? ನಿಮ್ಮ ಮ್ಯಾಲೆ ನನಗ ಸಿಟ್ಟಿಲ್ಲ ಅಂತ ಹೇಳೂದಿಲ್ಲ. ಸಿಟ್ಟೈತಿ. ಆದ್ರ ನೀವು ಬಂದು ಹೇಳದಿದ್ರ ನಾ ಸಾಯೂತನಕ ಆ ಮುದುಕರನ್ನ ಬೈಕೋತ ಇರ್ತಿದ್ದೆ. ಕೇಳವರನ್ನ ಒಬ್ಬರನ್ನ ಇಟ್ಕೊಳ್ರಿ. ಪರೀಕ್ಷೆ ಮುಗಸ್ರಿ."

ಕೇಳುವವಳಾಗಿ ಶಿವದೇವಿ ಬಂದಳು. ಮೊದಲ ದಿನ ಬೀದಿಯ ಮಂದಿ ನೋಡುತ್ತಾರೆಂದು ಸೆರಗು ಎಳೆದುಕೊಂಡು ಸ್ಟೂಲಿನ ಅಂಚಿಗೆ ಕೂತಿದ್ದಳು. ನಳಿಕೆ ಕಿವಿಗಿಟ್ಟುಕೊಂಡು, "ಎಡಗಡೆದು ಜೋರು, ಬಲಗಡೆದು ಸಣ್ಣ" ಎಂದಳು. ಅವನು ಸ್ಕ್ರೂ ತಿರುಗಿಸಿದ. "ಇನ್ನೂ ಸಣ್ಣ... ಇನ್ನೂ... ನಿಂದರ್ರಿ. ಈಗ ಎರಡೂ ಒಂದ ಆದವು." ಸಂದುಗಳಿಗೆ ಅವನು ಎಣ್ಣೆಯನ್ನೂ ಹಚ್ಚಿದ, ಒಂದನ್ನೂ ಬಿಡದೆ. ನಾಲ್ಕು ವಾರ ಒಂದಾದ ಮೇಲೊಂದು ಎರಡನ್ನೂ ಕೂಡಿಸಿ, ಅದೇ ಏರಿನಲ್ಲಿ ತಾನೇ ಓಡಿಸಿ, ಹೊತ್ತು ಬರೆದ. ಏರು ಹತ್ತುವಾಗ ಎಷ್ಟು ಸಲ ಗೇರು ಬದಲಿಸಬೇಕಾಯಿತು ಎಂಬುದನ್ನೂ ಬರೆದ. ಅದನ್ನು ಬರೆಯಲು ಯಾರೂ ಹೇಳಿರಲಿಲ್ಲ.

ನರಹರಿ ಬಂದ ದಿನ ಎರಡನ್ನೂ ಮೇಜಿನ ಮೇಲೆ ಇಟ್ಟಿದ್ದ.

"ಹೊತ್ತು ನೋಡಿದ್ರ ಕೊಯಮತ್ತೂರಿಂದ ಗೆಲ್ತೈತ್ರಿ. ಏರು ಮುಗಿಯೂದ್ರಾಗ ಮೂರು ಸೆಕೆಂಡು ಮುಂದ. ಅಗಲ ತೂತು, ಎಂಜಿನ್ ಜೋರ್ ತಿರುಗಿದಾಗ ಉಸರು ಸಾಕಷ್ಟು ಸಿಗತೈತಿ. ಆದ್ರ ಎಂಜಿನ್ ನಿಧಾನ ತಿರುಗಿದಾಗ ಎಳಿಯೂದಿಲ್ಲ. ತಿರುವು ತಿರುವಿಗೆ ಗೇರ್ ಬದಲಿಸಬೇಕು. ಮುಂಬಯಿದು ನಿಧಾನ. ಆದ್ರ ಅದರ ಸಣ್ಣ ಕೊಳವಿಯೊಳಗ ಗಾಳಿ ಬಿರುಸಾಗಿ ಹೋಗ್ತೈತಿ, ಅದಕ್ಕ ಮೂರನೇ ಗೇರಿನ್ಯಾಗ ಹಾಕಿ ಬಿಟ್ರ ಏರು ಮುಗಿಯೂತನಕ ಮುಟ್ಟಬೇಕಾಗಿಲ್ಲ." ಅವನು ತಡೆದ. ಫಿಯಟ್ಟಿನ ಗೇರು ಸ್ಟೇರಿಂಗಿನ ಎಡಕ್ಕಿತ್ತು. "ನಿಮಗ ಮುಂಬಯಿದ ಹಾಕ್ತೀನ್ರಿ. ಪಂದ್ಯಕ್ಕಾದ್ರ ಇನ್ನೊಂದು."

ನರಹರಿ ತನ್ನ ಎಡಗೈ ನೋಡಿಕೊಂಡ. "ಪಂದ್ಯ ಬ್ಯಾಡ" ಎಂದ. "ಇದನ್ನ ಹಾಕ್ರಿ."

ಮರುವಾರ ಇಬ್ಬರೂ ಗಂಡಿಪೇಟೆಯ ದಾರಿಯಲ್ಲಿ ಹೋದರು. ಮೂರನೆಯ ಗೇರಿನಲ್ಲಿ ಏರು ಹತ್ತುವಾಗ ನರಹರಿಯ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಬೆಂಕಿ ಬಿದ್ದ ಜಾಗ ದಾಟಿತು. ಮೇಲೆ ಮುಟ್ಟಿ ನಿಲ್ಲಿಸಿದ ಮೇಲೆ ನರಹರಿ ಅಭ್ಯಾಸದಿಂದ ಕೇಳಿದ, "ಸಪ್ಪಳ ಹೆಂಗೈತಿ, ಉಸ್ತಾದ್?"

"ನೀವ ಹೇಳ್ರಿ" ಎಂದ ಶಾಂತಪ್ಪ. ನರಹರಿ ಕಣ್ಣು ಮುಚ್ಚಿ ಕೇಳಿ, ಸಣ್ಣದಾಗಿ ಏನೇನು ಕೇಳುತ್ತದೆಂದು ಒಂದೊಂದಾಗಿ ಹೇಳಿದ. ಶಾಂತಪ್ಪ ತಲೆಯಾಡಿಸುತ್ತ ಕೂತ.

ಅಂದಿನಿಂದ ಷೆಡ್ಡಿಗೆ ಬಂದ ಪ್ರತಿಯೊಬ್ಬ ಗಿರಾಕಿಗೂ ಅವನು ಮೊದಲೇ ಹೇಳುತ್ತಿದ್ದ: "ನನಗ ಸಣ್ಣ ಸಪ್ಪಳ ಕೇಳಸೂದಿಲ್ರಿ. ನಮ್ಮ ಮನಿಯವರು ಕೇಳ್ತಾರ. ಒಪ್ಪಿದ್ರ ಬಿಟ್ಟು ಹೋಗ್ರಿ." ಅರ್ಧ ಮಂದಿ ಬೇರೆ ಕಡೆ ಹೋದರು. ಚನ್ನಬಸಪ್ಪನವರು ತಾವಾಗಿ ನಾಲ್ಕೈದು ಗಿರಾಕಿಗಳನ್ನು ಕಳಿಸಿದರು. ಪ್ರಫುಲ್ಲಾ ಮಾತ್ರ ಅವನನ್ನು ಮತ್ತೆಂದೂ ಮನೆಯೊಳಗೆ ಕರೆಯಲಿಲ್ಲ. ಅವನೂ ಅದನ್ನು ಬಯಸಲಿಲ್ಲ.

ಹದಿಮೂರು ವರ್ಷ ಹೀಗೆ ನಡೆಯಿತು. ತೊಂಬತ್ತೆಂಟರಲ್ಲಿ ಶಾಂತಪ್ಪ ತೀರಿಕೊಂಡ. ಮಣ್ಣು ಕೊಟ್ಟು ಬಂದ ಹದಿನೈದು ದಿನಕ್ಕೆ ಪಕ್ಕದ ಗಲ್ಲಿಯ ಮೆಕ್ಯಾನಿಕ್ಕೊಬ್ಬ ಹಳೆಯ ಫಿಯಟ್ಟೊಂದನ್ನು ಷೆಡ್ಡಿನ ಮುಂದೆ ನಿಲ್ಲಿಸಿ, ಸಂಕೋಚದಿಂದ, "ಅಮ್ಮಾ, ಜರಾ ಸುನ್‌ಕೇ ಬೋಲೋ" ಎಂದು, ಎಂಜಿನ್ನಿನ ಸದ್ದು ಸ್ವಲ್ಪ ಕೇಳಿ ಹೇಳಲು ಬೇಡಿದ. ಶಿವದೇವಿ ಒಳಗೆ ಹೋಗಿ ಸ್ಟೂಲು ತಂದು ಹಾಕಿಕೊಂಡು, ಬಾನೆಟ್ಟು ಎತ್ತಲು ಹೇಳಿದಳು.