ಹತ್ತೂ ಇದ್ದವು

ಸೂಜಿಗಳು ಹತ್ತೂ ಇದ್ದವು. ಎಣಿಸಿದ್ದಳು, ಡಬ್ಬಿಗೆ ಹಾಕಿದ್ದಳು, ಮುಚ್ಚಳ ಒತ್ತಿದ್ದಳು. ಆದರೂ ಎಂಟು ತಿಂಗಳ ಕೂಸಿನ ಹಳದಿ ಅಂಗಿಯ ಮಡಿಕೆಯಲ್ಲಿ ಒಂದು ಗುಂಡುಸೂಜಿ ಉಳಿದುಬಿಟ್ಟಿದೆ ಎಂಬ ಯೋಚನೆ ಬೆಳಗಿನಿಂದ ಅವಳ ಬೆನ್ನು ಬಿಟ್ಟಿರಲಿಲ್ಲ. ಗಿರಾಕಿ ಬಂದು ಅಂಗಿ ಒಯ್ದು ನಾಲ್ಕು ಗಂಟೆಯಾಗಿತ್ತು. ಇಷ್ಟು ಹೊತ್ತಿಗೆ ತೊಡಿಸಿರುತ್ತಾರೆ. ಎಂಟು ತಿಂಗಳೆಂದರೆ ಹೊಟ್ಟೆಯ ಮೇಲೆ ತೆವಳುವ ವಯಸ್ಸು. ಅಲ್ಲಿಂದ ಮುಂದಕ್ಕೆ ಯೋಚಿಸಬಾರದೆಂದು ಅವಳಿಗೆ ಗೊತ್ತಿತ್ತು. ಯೋಚಿಸಿದಳು.

ಮಕ್ಕಳ ಬಟ್ಟೆ ಹೊಲಿಯುವ ಆ ಅಂಗಡಿಯಲ್ಲಿ ಮೂರು ಮೆಷಿನ್ನು, ಕತ್ತರಿಸುವ ಒಂದು ಉದ್ದನೆಯ ಮೇಜು, ಮೂಲೆಯಲ್ಲಿ ಇಸ್ತ್ರಿ. ಕಟಿಂಗ್ ಮಾಸ್ಟರದು ಒಂದೇ ಕಟ್ಟುನಿಟ್ಟು. ಒಂದು ಬಟ್ಟೆಗೆ ಹತ್ತು ಸೂಜಿ ಎಣಿಸಿ ತೆಗೆಯಬೇಕು, ಬಟ್ಟೆ ಇಸ್ತ್ರಿಗೆ ಹೋಗುವ ಮೊದಲು ಹತ್ತೂ ಡಬ್ಬಿ ಸೇರಬೇಕು. ಉಳಿದ ಇಬ್ಬರು ಎಣಿಸಿ ಮರೆತುಬಿಡುತ್ತಿದ್ದರು. ಅವಳಿಗೆ ಎಣಿಸಲು ಬರುತ್ತಿತ್ತು, ಮರೆಯಲು ಬರುತ್ತಿರಲಿಲ್ಲ. ಮಾಸ್ಟರು ಅವಳಿಗೆ ಇನ್ಸ್‌ಪೆಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು. ಸೂಜಿಗೂ ಹಾಜರಿ ಕೂಗ್ತೀರಲ್ಲ, ಒಂದು ಸೂಜಿ ರಜ ಚೀಟಿ ಕಳಿಸಿದರೆ ಏನು ಮಾಡ್ತೀರಿ ಎಂದು ಚುಡಾಯಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಹೋದ ವರ್ಷ ನಾಲ್ಕು ಗಿರಾಕಿಗಳಿಗೆ ಫೋನು ಮಾಡಿ “ಅಂಗೀಲಿ ಏನೂ ಚುಚ್ಚಲಿಲ್ಲ ತಾನೆ?” ಎಂದು ಕೇಳಿದ್ದು ಗೊತ್ತಾದಾಗ ಮಾತ್ರ ಮಾಸ್ಟರು ನಗಲಿಲ್ಲ. ಬಟ್ಟೆ ಜೊತೆಗೆ ಅನುಮಾನವನ್ನೂ ನಾವೇ ಹೊಲಿದು ಕೊಟ್ಟ ಹಾಗಾಗುತ್ತೆ, ಇನ್ನೊಮ್ಮೆ ಬೇಡಮ್ಮ ಎಂದಿದ್ದರು. ಆದರೂ ಈಹೊತ್ತು ಹಳದಿ ಅಂಗಿಯವರ ನಂಬರನ್ನು ಆರ್ಡರ್ ಪುಸ್ತಕದಿಂದ ಕದ್ದು ತನ್ನ ಫೋನಿಗೆ ಇಳಿಸಿಕೊಂಡೇ ಅವಳು ಅಂಗಡಿಯಿಂದ ಹೊರಟದ್ದು.

ಈ ಗೀಳು ಅವಳಿಗೆ ಹೊಸದಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಶುರುವಾಗಿ, ಬಾಗಿಲ ಚಿಲಕಕ್ಕೆ ದಾಟಿ, ಕೆಲಸಕ್ಕೆ ಸೇರಿದ ಮೇಲೆ ಸೂಜಿಗೆ ಬಂದು ನಿಂತಿತ್ತು. ಇದು ಕಾಯಿಲೆ, ಹುಚ್ಚಲ್ಲ ಎಂದು ಮೊದಲು ಹೇಳಿದವರು ಡಾಕ್ಟರಮ್ಮ. ಶುಗರ್ ಇದ್ದವರ ಹಾಗೆ, ಜೊತೆಗಿರುತ್ತೆ, ಹತೋಟಿಯಲ್ಲೂ ಇರುತ್ತೆ ಎಂದಿದ್ದರು. ದಿನಕ್ಕೊಂದು ಮಾತ್ರೆ, ಜೊತೆಗೆ ಅಭ್ಯಾಸ: ಒಂದೇ ಸಲ ನೋಡುವುದು, ಆಮೇಲೆ ಕೈಕಟ್ಟಿ ಕೂತು ಭಯ ಏರಿ ತಾನಾಗಿ ಇಳಿಯುವುದನ್ನು ಕಾಯುವುದು. ಮೊದಲ ಸಲ ಇಳಿಯಲು ಎರಡು ಗಂಟೆ ಹಿಡಿದಿತ್ತು. ವರ್ಷ ತುಂಬುವಷ್ಟರಲ್ಲಿ ಹತ್ತು ನಿಮಿಷ ಸಾಕಾಗುತ್ತಿತ್ತು.

ಮದುವೆಯಾದ ಮೇಲೆ ಗಂಡನಿಗೂ ಡಾಕ್ಟರಮ್ಮ ಪಾಠ ಹೇಳಿದ್ದರು. ಸರಿಯಾಗಿದೆ ತಾನೆ ಎಂದು ಅವಳು ಕೇಳಿದರೆ ಹೌದೆಂದೂ ಅನ್ನಬೇಡಿ, ಇಲ್ಲವೆಂದೂ ಅನ್ನಬೇಡಿ; ಆ ಉತ್ತರವೇ ಗೀಳಿಗೆ ತುತ್ತು. ಗಂಡ ಲಿಫ್ಟ್ ರಿಪೇರಿ ಮಾಡುವ ಮನುಷ್ಯ, ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವವನು. ಅಂದಿನಿಂದ ಏನು ಕೇಳಿದರೂ “ಗೊತ್ತಿಲ್ಲ ಕಣೇ.” ಒಮ್ಮೆ ನಿನ್ನ ಹಸಿರು ಷರಟು ಎಲ್ಲಿ ಎಂದು ಕೇಳಿದಾಗಲೂ ಹಾಗೇ ಅಂದ; ಷರಟು ಅವನ ಮೈಮೇಲೇ ಇತ್ತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಆ ಪಾಠ ನಡೆದಾಗ ಮಗಳು ಗುಬ್ಬಿ ಇನ್ನೂ ಹುಟ್ಟಿರಲಿಲ್ಲ. ಮಗಳಿಗೆ ಮೂರು ತುಂಬಿದ ಮೇಲೆ ಅವಳು ಪುಟ್ಟ ಬಟ್ಟೆಗಳ ಅಂಚು ಹೊಲಿಯುವ ಕೆಲಸವನ್ನು ಸಂಜೆ ಮನೆಗೂ ತರತೊಡಗಿದಳು. ಒಂದು ದಿನ ಸುಮ್ಮನೆ ಮಗಳ ಮುಂದೆ ಅಂಗಿ ಹಿಡಿದು, ಇದರಲ್ಲಿ ಸೂಜಿ ಕಳ್ಳ ಅಡಗಿದ್ದಾನಾ ನೋಡು ಪೊಲೀಸಪ್ಪ ಎಂದಳು. ಗುಬ್ಬಿ ಅಂಚಿನುದ್ದಕ್ಕೂ ಕಿರುಬೆರಳು ಓಡಿಸಿ “ಇಲ್ಲ” ಎಂದಿತು. ಆ ಒಂದು ಮಾತಿಗೆ ಅವಳ ಎದೆ ಎಷ್ಟು ತಣ್ಣಗಾಯಿತೆಂದರೆ, ಮರುದಿನವೂ ಹಿಡಿದಳು. ಆಮೇಲೆ ಒಂದು ಅಂಗಿಗೆ ಎರಡು ಸಲ, ಮೂರು ಸಲ. ಊರ ಮಕ್ಕಳಿಗೆ ಚುಚ್ಚದಿರಲೆಂದು ಹೆತ್ತ ಮಗಳ ಬೆರಳನ್ನೇ ಮಡಿಕೆಯ ಮೇಲೆ ಓಡಿಸುತ್ತಿದ್ದೇನಲ್ಲ ಎಂದು ಹೊಳೆದ ದಿನ ಅವಳಿಗೆ ಊಟ ಸೇರಲಿಲ್ಲ. ಆದರೂ ನಿಲ್ಲಿಸಲಿಲ್ಲ. ಗಂಡ ಕೆಲಸದಿಂದ ಬರುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಡಾಕ್ಟರಮ್ಮನ ಹತ್ತಿರ ಹೋಗುವುದನ್ನೂ ಆಗಲೇ ಬಿಟ್ಟಳು. ಹೋದರೆ ಅವರ ಮೊದಲ ಪ್ರಶ್ನೆಯೇ ಈಗ ಯಾರನ್ನು ಕೇಳುತ್ತಿದ್ದೀರಿ ಎಂಬುದಾಗಿರುತ್ತಿತ್ತು. ಮಾತ್ರೆಯ ಹಳೇ ಚೀಟಿಯನ್ನೇ ಔಷಧಿ ಅಂಗಡಿಯಲ್ಲಿ ತೋರಿಸಿ ಕಾಲ ತಳ್ಳುತ್ತಿದ್ದಳು.

ಹಳದಿ ಅಂಗಿ ಹೋದ ದಿನ ಸಂಜೆ ಶಾಲೆಯ ಗೇಟಿನಲ್ಲಿ ಗುಬ್ಬಿಯ ಟೀಚರು ಅವಳನ್ನು ಪಕ್ಕಕ್ಕೆ ಕರೆದರು. ದೂರೇನಲ್ಲ, ಮಗು ಬಂಗಾರದಂಥದ್ದು ಎಂದು ಪೀಠಿಕೆ ಹಾಕಿ ಸಂಗತಿ ಹೇಳಿದರು. ಹದಿನೈದು ದಿನದಿಂದ ಗುಬ್ಬಿ ಯಾರನ್ನೂ ಚಾಪೆಯ ಮೇಲೆ ಕೂರಲು ಬಿಡುತ್ತಿಲ್ಲ. ಒಬ್ಬೊಬ್ಬರ ಯೂನಿಫಾರ್ಮಿನ ಅಂಚಿಗೂ ಬೆರಳು ಓಡಿಸಿ ನೋಡಿದ ಮೇಲೆಯೇ ಕೂರಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ.

“ಮನೇಲಿ ಯಾರಾದ್ರೂ ಹೀಗೆ ಮಾಡ್ತಾರಾ?”

“ಇಲ್ವಲ್ಲ ಮಿಸ್” ಎಂದಳು ಅವಳು. ಗುಬ್ಬಿ ಕತ್ತೆತ್ತಿ ಅಮ್ಮನ ಮುಖ ನೋಡಿತು.

ದಾರಿಯುದ್ದಕ್ಕೂ ಅವಳು ತನ್ನನ್ನೇ ಬೈದುಕೊಂಡಳು. ಇನ್ನು ಮುಂದೆ ಮಗುವನ್ನು ಏನೂ ಕೇಳಬಾರದು, ಪ್ರಾಣ ಹೋದರೂ ಕೇಳಬಾರದು. ಹೀಗಂದುಕೊಳ್ಳುತ್ತಲೇ ಮನೆಯ ಬೀಗ ತೆಗೆದಳು, ಮಗಳ ಶೂ ಬಿಚ್ಚಲು ನೆಲಕ್ಕೆ ಕೂತಳು. ಬಲಗಾಲಿನ ಶೂ ಕೈಯಲ್ಲಿರುವಾಗಲೇ ಬಾಯಿ ತಾನಾಗಿ ಕೇಳಿಬಿಟ್ಟಿತು.

“ಗುಬ್ಬಿ, ನಿನ್ನೆ ಆ ಹಳದಿ ಅಂಗಿ ಸರಿಯಾಗಿ ನೋಡಿದ್ಯಾ?”

ಗುಬ್ಬಿಯ ಕೆಳತುಟಿ ಒಳಕ್ಕೆ ಸೇರಿತು.

“ಒಂದು ಕಡೆ ಮಾತ್ರ ನೋಡ್ದೆ. ಕಾರ್ಟೂನ್ ಬರ್ತಿತ್ತು. ಇನ್ನೊಂದು ಕಡೆ ನೋಡ್ದೇನೇ ‘ಸೂಜಿ ಇಲ್ಲ’ ಅಂದೆ.” ಆಮೇಲೆ, ತೀರಾ ಮೆಲ್ಲಗೆ, “ಪಾಪುಗೆ ಚುಚ್ಚಿದ್ರೆ ಅದು ನಂದೇ ತಪ್ಪಲ್ವಾಮ್ಮ?”

ಅವಳಿಗೆ ಆ ಮಾತು ಗೊತ್ತಿತ್ತು. ಹದಿನಾಲ್ಕು ವರ್ಷದಿಂದ ತನ್ನೊಳಗೆ ದಿನವೂ ಕೇಳಿಸಿಕೊಂಡದ್ದು. ಅದು ಐದು ವರ್ಷದ ಮಗುವಿನ ಬಾಯಲ್ಲಿ ಅಷ್ಟು ಸಣ್ಣ ದನಿಯಲ್ಲಿ ಬಂದದ್ದನ್ನು ಕೇಳಿ ಅವಳು ಕೈಯಲ್ಲಿದ್ದ ಶೂ ಕೆಳಗಿಟ್ಟಳು. ಗುಬ್ಬಿ ಬ್ಯಾಗಿನೊಳಗಿಂದ ಅವಳ ಫೋನು ಹುಡುಕಿ ತಂದು ಮುಂದೆ ಹಿಡಿಯಿತು. ಅವರಿಗೆ ಫೋನ್ ಮಾಡಿ ಕೇಳಮ್ಮ, ಈಗಲೇ ಕೇಳು ಎಂದು ಅಳತೊಡಗಿತು.

ಹಳದಿ ಅಂಗಿಯವರ ನಂಬರು ಇತ್ತು. ಒಂದು ಸಲ ಒತ್ತಿದರೆ ಮುಗಿಯಿತು. ಏನೂ ಇರಲಿಲ್ಲವಮ್ಮ ಎಂದು ಆ ಹೆಂಗಸು ಅನ್ನುತ್ತಾಳೆ, ತಾಯಿ ಮಗಳಿಬ್ಬರಿಗೂ ನಿರಾಳ. ನಾಳೆ ಇನ್ನೊಂದು ಅಂಗಿ. ನಾಡಿದ್ದು ಮಗದೊಂದು. ಇಬ್ಬರೂ ಕೂತು ಎಣಿಸಬಹುದು.

ಅವಳು ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. “ನಿಂದು ತಪ್ಪಲ್ಲ ಕಂದ. ಸೂಜಿ ನೋಡೋದು ನಿನ್ನ ಕೆಲಸವೇ ಅಲ್ಲ. ನಿನ್ನ ಕೈಲಿ ಮಾಡಿಸಿದ್ದು ನಾನು. ಮಿಸ್ ಹತ್ರ ಸುಳ್ಳು ಹೇಳಿದ್ದೂ ನಾನೇ.”

“ಹಾಗಾದ್ರೆ ಸೂಜಿ ಇದ್ಯಾ, ಇಲ್ವಾ?”

“ಗೊತ್ತಿಲ್ಲ” ಎಂದಳು. ಗಂಡ ಅಷ್ಟು ಸಲೀಸಾಗಿ ಅನ್ನುತ್ತಿದ್ದ ಮಾತನ್ನು ಅವಳು ಅಂದದ್ದು ಇದೇ ಮೊದಲು.

ಗುಬ್ಬಿಯ ಒಂದು ಕಾಲಲ್ಲಿ ಶೂ ಹಾಗೇ ಇತ್ತು. ಅದನ್ನೂ ಬಿಚ್ಚದೆ, ಮಗಳನ್ನು ಕೆಳಗಿಳಿಸದೆ, ಅವಳು ಫೋನಿನಲ್ಲಿ ಎರಡು ವರ್ಷದಿಂದ ಮುಟ್ಟದ ಹೆಸರು ಹುಡುಕಿ ಒತ್ತಿದಳು. ನಾಲ್ಕನೆಯ ರಿಂಗಿಗೆ ಡಾಕ್ಟರಮ್ಮನೇ ಎತ್ತಿದರು. ಯಾರು ಎಂದು ಹೇಳಿದ ಕೂಡಲೇ ಅವರಿಗೆ ನೆನಪಾಯಿತು. ಹೇಗಿದ್ದೀರಿ ಎಂದರು.

“ಡಾಕ್ಟ್ರೇ, ನಾನು ಮಗು ಹತ್ರ ಕೇಳ್ತಿದ್ದೀನಿ” ಎಂದಳು. “ಈಗ ಅವಳೂ ಕೇಳೋಕೆ ಶುರು ಮಾಡಿದಾಳೆ. ನಾಳೆ ಇಬ್ರೂ ಬರಬಹುದಾ?”