ನನ್ನ ಅಮ್ಮನ ಹಿಮ್ಮಡಿ

ನೀವು ನರ್ಸ್ ಆದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಅಮ್ಮನ ಕಾಯಿಲೆಯ ಕಥೆ ಹೇಳಿ ಮುಗಿಸುತ್ತೇನೆ. ಅದು ಸುಳ್ಳಲ್ಲ. ಆದರೆ ನನ್ನ ಕೈಯಲ್ಲಿ ಅರ್ಜಿ ಹಾಕಿಸಿದ್ದು ಒಬ್ಬ ಗೆಳತಿಯ ಮೇಲಿನ ಸಿಟ್ಟು. ಅದನ್ನು ಈವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಆಗ ನಾವು ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿದ್ದೆವು. ನನ್ನ ಗಂಡ ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳಿಗೆ ಏಳು ವರ್ಷ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದ ನಾನು ತಂಜಾಂಗ್ ಪಗಾರ್‌ನ ಒಂದು ಬ್ಯಾಂಕಿನಲ್ಲಿ ಗ್ರಾಹಕರ ವಿಳಾಸ ಬದಲಾವಣೆಯ ಫಾರಂಗಳನ್ನು ತಾಳೆ ನೋಡುವ ಕೆಲಸದಲ್ಲಿದ್ದೆ. ಎರಡು ಸಾವಿರದ ಆರು, ಏಳರ ಆ ದಿನಗಳಲ್ಲಿ ಊರಿಗೆ ಊರೇ ಮನೆ ಬದಲಾಯಿಸುತ್ತಿತ್ತು. ಚೆನ್ನಾಗಿದ್ದ ಕಟ್ಟಡಗಳನ್ನೇ ಮಾರಿ, ಕೆಡವಿ, ಅಲ್ಲಿ ಇನ್ನೂ ಎತ್ತರದ ಕಾಂಡೊ ಎಬ್ಬಿಸುತ್ತಿದ್ದರು. ನಮ್ಮ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಬೋನಸ್ಸಿನ ಮಾತು. ನನ್ನ ಮೇಜಿನ ಮೇಲೆ ಫಾರಂಗಳ ರಾಶಿ ಕರಗುತ್ತಲೇ ಇರಲಿಲ್ಲ. ಯಾರು ಯಾರೋ ಎಲ್ಲೆಲ್ಲಿಗೋ ಏರಿ ಹೋಗುವುದನ್ನು ನಾನು ಕೂತು ಟಿಕ್ ಮಾಡುತ್ತಿದ್ದೆ.

ಗೆಳತಿ ಪಕ್ಕದ ಬ್ಲಾಕಿನವಳು. ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷ್ ನೀರು ಕುಡಿದ ಹಾಗೆ. ಅವಳ ಗಂಡ ಸಾಫ್ಟ್‌ವೇರ್‌ನಲ್ಲಿದ್ದ. ಅವಳ ಆಫೀಸೂ ತಂಜಾಂಗ್ ಪಗಾರ್‌ನಲ್ಲೇ. ಮೂರು ವರ್ಷ ನಾವಿಬ್ಬರೂ ಒಂದೇ ರೈಲಿನಲ್ಲಿ ಹೋಗಿ ಒಂದೇ ರೈಲಿನಲ್ಲಿ ಬಂದೆವು. ಮಕ್ಕಳಿಗೆ ಜ್ವರ ಬಂದದ್ದು, ಅತ್ತೆ ಫೋನಿನಲ್ಲಿ ಅಂದದ್ದು, ಗಂಡಂದಿರ ಮುನಿಸು, ಎಲ್ಲವೂ ಆ ರೈಲಿನಲ್ಲೇ.

ಗೆಳತಿ ತೂಕಡಿಸುತ್ತಿದ್ದ ಒಂದು ಬೆಳಿಗ್ಗೆ ಸೀಟಿನ ಮೇಲೆ ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ಆ ಜಾಹೀರಾತು ಕಂಡಿತು. ಯಾವುದೇ ಪದವಿ ಇದ್ದವರಿಗೆ ಎರಡೇ ವರ್ಷದಲ್ಲಿ ನರ್ಸಿಂಗ್ ಡಿಪ್ಲೊಮಾ. ಅದನ್ನು ನಾಲ್ಕು ಸಲ ಓದಿದೆ. ಮದುವೆಗೆ ಮುಂಚೆ, ಪಾರ್ಶ್ವವಾಯು ಹೊಡೆದು ಮಲಗಿದ್ದ ಅಮ್ಮನನ್ನು ಹದಿನಾಲ್ಕು ತಿಂಗಳು ನಾನೊಬ್ಬಳೇ ನೋಡಿಕೊಂಡಿದ್ದೆ. ನನಗೆ ಚೆನ್ನಾಗಿ ಬರುತ್ತದೆ ಎನ್ನಿಸಿದ ಕೆಲಸ ಬದುಕಿನಲ್ಲಿ ಅದೊಂದೇ.

ಮಧ್ಯಾಹ್ನ ಹಾಕರ್ ಸೆಂಟರಿನಲ್ಲಿ ಊಟಕ್ಕೆ ಕೂತಾಗ ಗೆಳತಿಗೆ ತೋರಿಸಿದೆ.

"ಸೀರಿಯಸ್ಸಾಗಿ ಹೇಳ್ತಿದೀಯಾ?" ಅಂದಳು.

"ಯೋಚ್ನೆ ಮಾಡ್ತಿದೀನಿ ಕಣೇ. ನೀನೇ ಹೇಳು, ನನ್ ಕೈಲಾಗತ್ತಾ?"

ಕಾಗದವನ್ನು ತಿರುಗಿಸಿ ಇನ್ನೊಮ್ಮೆ ಓದಿದಳು. "ಇಡೀ ಕೋರ್ಸನ್ನ ಎರಡು ವರ್ಷದಲ್ಲಿ ತುರುಕ್ತಾರೆ. ಬೆಳಗ್ಗೆ ಕ್ಲಾಸು, ಆಮೇಲೆ ವಾರ್ಡು. ಪಾಪುನ ಯಾರು ನೋಡ್ಕೋತಾರೆ? ಮತ್ತೆ ನೀನು ಅಮ್ಮನ್ನ ಪ್ರೀತಿಯಿಂದ ನೋಡ್ಕೊಂಡೆ. ಇಲ್ಲಿ ಗುರುತು ಪರಿಚಯ ಇಲ್ದೋರ ಮೈ ತೊಳೀಬೇಕು. ನಿಂಗಾಗಲ್ಲ ಅನ್ಸತ್ತೆ."

ಆದರೂ ನಾನು ಅರ್ಜಿಯ ಜೊತೆ ಕೇಳಿದ್ದ ಒಂದು ಪುಟದ ಲೇಖನ ಬರೆದೆ. ಈ ಕೆಲಸ ಏಕೆ ಬೇಕು ಎಂದು ಅದರಲ್ಲಿ ಹೇಳಬೇಕಿತ್ತು. ನಾನು ಅಮ್ಮನ ಹಿಮ್ಮಡಿಯ ವಿಷಯ ಬರೆದೆ. ಅಮ್ಮನ ಬೆನ್ನಿಗೆ ಹುಣ್ಣಾಗಬಾರದೆಂದು ಎರಡೆರಡು ಗಂಟೆಗೆ ಹೊರಳಿಸುತ್ತಿದ್ದೆ. ನೋಡಲು ಬಂದ ಡಾಕ್ಟರು ಬೆನ್ನು ನೋಡಿ ಹೊಗಳಿದ್ದರು. ಅದೇ ವಾರ ಸ್ನಾನ ಮಾಡಿಸುವಾಗ ಹೊದಿಕೆ ಸರಿಸಿದರೆ ಎಡ ಹಿಮ್ಮಡಿ ಕಪ್ಪಾಗಿತ್ತು. ಬೆನ್ನನ್ನೇ ಕಾಯುತ್ತಾ ನಾನು ಪಾದವನ್ನು ನೋಡಿಯೇ ಇರಲಿಲ್ಲ. ನೋವು ಹೇಳಿಕೊಳ್ಳಲು ಅಮ್ಮನಿಗೆ ಮಾತು ಹೊರಡುತ್ತಿರಲಿಲ್ಲ. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ.

ಆ ಪುಟದ ಇಂಗ್ಲಿಷ್ ತಿದ್ದಿಕೊಡು ಎಂದು ಗೆಳತಿಗೆ ಕೊಟ್ಟೆ. ಮೂರು ದಿನ ಇಟ್ಟುಕೊಂಡು, ಹಸಿರು ಪೆನ್ನಿನಲ್ಲಿ ತಿದ್ದಿ ತಂದಳು. ಕೊಡುವಾಗ ಅವಳ ಕಣ್ಣು ತುಂಬಿತ್ತು. "ಇದನ್ನ ದಿನಾ ವಾರ್ಡಲ್ಲಿ ನೋಡ್ಬೇಕಾಗತ್ತೆ ಕಣೇ. ಮತ್ತೆ ಮತ್ತೆ ಅಮ್ಮನೇ ನೆನಪಾಗ್ತಾರೆ. ಬೇಡ ಬಿಡು, ನನ್ ಮಾತು ಕೇಳು." ಅಂಥ ಮಾತನ್ನು ಅನುಮಾನಿಸುವುದು ಹೇಗೆ? ಕೊನೆಯ ದಿನಾಂಕ ಬಂತು, ಹೋಯಿತು. ನಾನು ಅರ್ಜಿ ಹಾಕಲಿಲ್ಲ. ಕಾಗದವನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ.

ಕೆಲವು ವಾರ ಕಳೆದ ಮೇಲೆ ಅವಳು ಬೆಳಗಿನ ರೈಲಿಗೆ ಬರುವುದು ನಿಂತಿತು. ಕೇಳಿದರೆ, ಆಫೀಸಿನ ಟೈಮಿಂಗ್ ಬದಲಾಗಿದೆ ಅಂದಳು. ಒಂದು ಶನಿವಾರ ಬ್ಲಾಕಿನ ಕೆಳಗಿನ ತೆರೆದ ಅಂಗಳವಾದ ವಾಯ್ಡ್ ಡೆಕ್‌ನಲ್ಲಿ ಮಕ್ಕಳು ಆಡುತ್ತಿದ್ದಾಗ ಅವಳ ಮಗಳನ್ನು ಸುಮ್ಮನೆ ಮಾತಾಡಿಸಿದೆ.

"ಮಮ್ಮಿ ಎಲ್ಲಮ್ಮಾ, ಕಾಣಿಸ್ತಾನೇ ಇಲ್ಲ?"

"ಮಮ್ಮಿ ಓದ್ತಿದಾಳೆ ಆಂಟಿ. ನರ್ಸ್ ಆಗಕ್ಕೆ. ಬಿಳೀ ಶೂ ತಗೊಂಡಿದಾಳೆ."

ನನ್ನ ಕಿವಿ ಬಿಸಿಯಾಯಿತು. ಆ ಮಗುವಿನ ಕೆನ್ನೆ ತಟ್ಟಿ ನೇರವಾಗಿ ಅವರ ಮನೆಗೆ ಹೋದೆ. ಬಾಗಿಲು ತೆಗೆದವಳು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

"ಹೇಳ್ಬೇಕು ಅಂತಿದ್ದೆ," ಅಂದಳು.

"ನಂಗೆ ಬೇಡ ಅಂತ ಹೇಳಿ ನೀನು ಹೋದ್ಯಾ?"

"ನೀನು ಹೇಗಿದ್ರೂ ಡ್ರಾಪ್ ಮಾಡಿದ್ಯಲ್ಲ. ನಿನ್ ಸೀಟೇನೂ ನಾನು ಕಿತ್ಕೊಂಡಿಲ್ಲ."

ನಾನು ಮೆಟ್ಟಿಲಿಳಿದು ಬಂದೆ. ಲಿಫ್ಟಿಗೆ ಕಾಯುವಷ್ಟು ಹೊತ್ತೂ ಅವಳ ಬಾಗಿಲ ಮುಂದೆ ನಿಲ್ಲುವುದು ಬೇಡವಾಗಿತ್ತು.

ಆ ದಿನದಿಂದ ನನಗೆ ನರ್ಸಿಂಗ್ ಬೇಕೋ ಬೇಡವೋ ಎಂಬ ಯೋಚನೆಯೇ ಉಳಿಯಲಿಲ್ಲ. ಅವಳಿದ್ದ ಜಾಗಕ್ಕೆ ಹೋಗಬೇಕು, ಅವಳಿಗಿಂತ ಹೆಚ್ಚು ಅಂಕ ತೆಗೆಯಬೇಕು, ಕಾರಿಡಾರಿನಲ್ಲಿ ನನ್ನನ್ನು ಕಂಡು ಅವಳು ಗೋಡೆ ಹಿಡಿದು ನಡೆಯಬೇಕು, ಇಷ್ಟೇ. ತರಕಾರಿ ಹೆಚ್ಚುವಾಗ, ಫಾರಂ ಟಿಕ್ ಮಾಡುವಾಗ ಅವಳಿಗೆ ಹೇಳಬೇಕಾದ ಮಾತುಗಳನ್ನು ಒಳಗೊಳಗೇ ಜೋಡಿಸುತ್ತಿದ್ದೆ. ಮುಂದಿನ ತಂಡಕ್ಕೆ ಅರ್ಜಿ ಕರೆದ ದಿನವೇ ಹಾಕಿದೆ. "ಇದ್ದಕ್ಕಿದ್ದ ಹಾಗೆ ಏನೇ ಇದು?" ಎಂದು ಗಂಡ ಕೇಳಿದರು. "ನಂಗಿಷ್ಟ ರೀ," ಅಂದೆ. ಅವರು ಮತ್ತೆ ಕೇಳಲಿಲ್ಲ. ಲೇಖನವನ್ನು ಬದಲಾಯಿಸಲಿಲ್ಲ, ಬೀರುವಿನಲ್ಲಿದ್ದುದನ್ನೇ ಟೈಪು ಮಾಡಿ ಕಳಿಸಿದೆ.

ಸಂದರ್ಶನದಲ್ಲಿ ಮೂವರಿದ್ದರು. ನಡುವೆ ಕೂತಿದ್ದವರು ಕತ್ತರಿಸಿದ ಬಿಳಿ ಕೂದಲಿನ ಚೀನೀ ಹೆಂಗಸು. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ದುಡಿದು ಮೇಟ್ರನ್ ಆಗಿ ನಿವೃತ್ತರಾದವರು. ಅವರು ನನ್ನ ಪುಟ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈ ಹಿಮ್ಮಡಿಯ ಬಗ್ಗೆ ನಾನು ಮುಂಚೆಯೇ ಓದಿದ್ದೇನೆ. ಹೋದ ಸಲದ ಅರ್ಜಿಯಲ್ಲಿ," ಎಂದು ಇಂಗ್ಲಿಷಿನಲ್ಲಿ ಹೇಳಿದರು. "ಅದರಲ್ಲಿ ಅತ್ತೆಯ ಹಿಮ್ಮಡಿ ಅಂತಿತ್ತು. ನೀವು ಎಲ್ಲಿಂದ ತೆಗೆದುಕೊಂಡಿರಿ?"

ಒಂದು ಕ್ಷಣ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಸೀಟಿನ ಮಾತು ಹಾಗಿರಲಿ, ನನ್ನ ಅಮ್ಮನನ್ನೇ ತೆಗೆದುಕೊಂಡು ಹೋಗಿದ್ದಳು. ಅವಳ ಅತ್ತೆ ಬೆಂಗಳೂರಿನಲ್ಲಿ ದಿನಾ ಬೆಳಿಗ್ಗೆ ವಾಕಿಂಗ್ ಹೋಗುವವರು.

"ಅದು ನನ್ನ ತಾಯಿ," ಅಂದೆ.

"ಹುಣ್ಣು ಗೊತ್ತಾದ ಮೇಲೆ ಕಾಲಿನ ಕೆಳಗೆ ಏನಿಟ್ಟಿರಿ?"

"ಅಮ್ಮನದೇ ಒಂದು ಹಳೇ ವಾಯ್ಲ್ ಸೀರೆ. ಸುರುಳಿ ಸುತ್ತಿ ಮೀನಖಂಡದ ಕೆಳಗಿಟ್ಟೆ. ಹಿಮ್ಮಡಿಯ ಕೆಳಗೆ ಏನೂ ಇಡಲಿಲ್ಲ. ಅದು ಯಾವುದಕ್ಕೂ ತಾಗದ ಹಾಗೆ ಇರಬೇಕಿತ್ತು. ಮಾಯಲು ನಾಲ್ಕು ತಿಂಗಳು ಹಿಡಿಯಿತು."

ಅವರು ಪಕ್ಕದವರ ಕಡೆ ನೋಡಿದರು. "ಆ ಅರ್ಜಿಯವರು ಹಿಮ್ಮಡಿಯ ಕೆಳಗೆ ದಿಂಬು ಇಟ್ಟೆ ಎಂದಿದ್ದರು," ಅಂದರು. "ನಿಮ್ಮದೇ ಎನ್ನಲು ಬೇರೆ ಏನಾದರೂ ಇದೆಯೇ?"

ಇತ್ತು. ಒಳಗೆ ಕರೆಯುವ ಮುಂಚೆ ಓದಿಕೊಳ್ಳಲೆಂದು ತಂದದ್ದು ನನ್ನ ಬ್ಯಾಗಿನಲ್ಲೇ ಇತ್ತು. ನನ್ನ ಕೈಬರಹದ ಪುಟ, ಅದರ ಮೇಲೆ ಅವಳ ಹಸಿರು ಅಕ್ಷರ, ಅಂಚಿನಲ್ಲಿ ನನ್ನ ಹೆಸರು ಬರೆದು ಅವಳು ಹಾಕಿದ್ದ ಟಿಪ್ಪಣಿಗಳು. ತೆಗೆದು ಮೇಜಿನ ಮೇಲಿಟ್ಟೆ. ಅವರು ಅವಳ ಹೆಸರು ಹೇಳಿ, ಇದು ಅವರ ಅಕ್ಷರವೇ ಎಂದು ಕೇಳಿದಾಗ ಹೌದು ಅಂದೆ. ಜ್ವರ ಬಿಟ್ಟ ಮೈಯ ಹಾಗೆ ಹಗುರವಾಯಿತು.

ಹತ್ತು ದಿನದ ಮೇಲೆ ಒಂದು ಭಾನುವಾರ ಅವಳ ಗಂಡ ಮನೆಗೆ ಬಂದ. ಒಳಗೆ ಕರೆದೆ, ಕೂರಲಿಲ್ಲ.

"ಕಾಲೇಜಿನವರು ಎನ್‌ಕ್ವೈರಿ ಮಾಡ್ತಿದಾರೆ. ಇಬ್ರೂ ಕೂತು ಒಟ್ಟಿಗೆ ಬರೆದಿದ್ದು ಅಂತ ನೀವು ಒಂದ್ ಮೇಲ್ ಕಳಿಸಿದ್ರೆ ಸಾಕು. ಅವ್ಳು ಇದ್ದ ಕೆಲ್ಸನೂ ಬಿಟ್ಟಾಗಿದೆ."

"ಒಟ್ಟಿಗೆ ಬರೀಲಿಲ್ವಲ್ಲ."

"ಮೂರು ವರ್ಷದ ಫ್ರೆಂಡ್‌ಶಿಪ್ಪು. ಅವ್ಳು ಊಟಾನೇ ಮಾಡ್ತಿಲ್ಲ."

"ನಮ್ಮಮ್ಮ ಹದಿನಾಲ್ಕು ತಿಂಗಳು ಸರಿಯಾಗಿ ಊಟ ಮಾಡ್ಲಿಲ್ಲ. ಅದನ್ನೂ ಬರ್ಕೊಳ್ಳಕ್ಕೆ ಹೇಳಿ," ಅಂದೆ.

ಆ ಮನುಷ್ಯನ ಮುಖ ಸುಣ್ಣದಂತಾಯಿತು. ಅವನದೇನೂ ತಪ್ಪಿರಲಿಲ್ಲ. ಅಡುಗೆಮನೆಯಿಂದ ಕೇಳಿಸಿಕೊಂಡಿದ್ದ ನನ್ನ ಗಂಡ ಆಮೇಲೆ, "ಅಷ್ಟು ಖಾರವಾಗಿ ಅನ್ಬೇಕಿತ್ತಾ?" ಅಂದರು. ಬೇಕಿತ್ತು ಅಂದೆ. ಆ ಮಧ್ಯಾಹ್ನ ಬಿಸಿಬೇಳೆಬಾತ್ ಮಾಡಿ ಎರಡು ಸಲ ಬಡಿಸಿಕೊಂಡೆ. ತಿಂಗಳ ಕೊನೆಗೆ ಅವಳು ಕೋರ್ಸು ಬಿಟ್ಟಳೆಂದು ಗೊತ್ತಾಯಿತು. ಬಿಡಿಸಿದರೋ ತಾನೇ ಬಿಟ್ಟಳೋ, ನಾನು ವಿಚಾರಿಸಲಿಲ್ಲ. ಸ್ವಲ್ಪ ದಿನಕ್ಕೆ ಅವರು ಸೆರಂಗೂನ್‌ಗೆ ಮನೆ ಶಿಫ್ಟ್ ಮಾಡಿದರು.

ನನಗೆ ಸೀಟು ಸಿಕ್ಕಿದ ಕಾಗದ ಬಂದಾಗ ಒಂದು ವಿಚಿತ್ರ ನಡೆಯಿತು. ಸಂತೋಷವೇ ಆಗಲಿಲ್ಲ. ಆ ಕಾರಿಡಾರಿನಲ್ಲಿ ಅವಳಿರುವುದಿಲ್ಲ. ಹಾಗಾದರೆ ನಾನು ಯಾಕೆ ಹೋಗಬೇಕು? ಒಪ್ಪಿಗೆ ತಿಳಿಸಲು ಎರಡು ವಾರ ಸಮಯವಿತ್ತು. ಬ್ಯಾಂಕಿನಲ್ಲಿ ಬಡ್ತಿಯ ಸುದ್ದಿಯೂ ಗಾಳಿಯಲ್ಲಿತ್ತು. ಕೋರ್ಸಿನಲ್ಲಿ ಎಷ್ಟು ತುರುಕುತ್ತಾರೆ, ಮಗಳಿಗೆ ಯಾರು, ಅಪರಿಚಿತರ ಮೈ ಮುಟ್ಟಲು ನನಗಾಗುತ್ತದೆಯೇ ಎಂಬ ಪ್ರಶ್ನೆಗಳೆಲ್ಲ ಹಾಗೇ ಕೂತಿದ್ದವು. ಸಿಟ್ಟಿನ ಭರದಲ್ಲಿ ಒಂದಕ್ಕೂ ಉತ್ತರ ಹುಡುಕಿರಲಿಲ್ಲ. ಅವು ಅವಳ ಬಾಯಿಂದ ಬಂದವೆಂದೇ ಅವನ್ನು ಮುಟ್ಟಿರಲಿಲ್ಲ.

ಕಾಲೇಜಿಗೆ ಫೋನು ಮಾಡಿದೆ. ಅನುಮಾನವಿದ್ದರೆ ಮೂರು ದಿನ ವಾರ್ಡಿನಲ್ಲಿ ನಿಂತು ನೋಡಬಹುದು ಅಂದರು. ರಜೆ ಹಾಕಿ ಹೋದೆ. ಮೊದಲ ದಿನ ಹೇಸಿಗೆಯಾಯಿತು. ಸುಳ್ಳು ಯಾಕೆ ಹೇಳಲಿ, ಬಾತ್‌ರೂಮಿಗೆ ಹೋಗಿ ಮೂಗು ಮುಚ್ಚಿಕೊಂಡು ನಿಂತಿದ್ದೆ. ಎರಡನೆಯ ದಿನ ಮಲಯ್ ನರ್ಸ್ ಒಬ್ಬಳು ತೊಂಬತ್ತರ ಹತ್ತಿರದ ಒಬ್ಬ ಚೀನೀ ಅಜ್ಜಿಯ ಬಾಯಿ ಒರೆಸುವುದನ್ನು ತೋರಿಸಿಕೊಟ್ಟಳು. "ಮೊದಲು ಅವರ ಕೈಗೆ ಬಟ್ಟೆ ಕೊಡು. ಒಲ್ಲೆ ಅಂದರೆ ನಿಲ್ಲು," ಅಂದಳು. ನಾನು ಅಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ. ಎತ್ತುತ್ತಿದ್ದೆ, ಒರೆಸುತ್ತಿದ್ದೆ, ಹೊರಳಿಸುತ್ತಿದ್ದೆ. ಅಜ್ಜಿ ಬಟ್ಟೆಯನ್ನು ಹಿಡಿದು ನೋಡಿ, ತಣ್ಣಗಿದೆ ಎಂಬಂತೆ ಮುಖ ಸಿಂಡರಿಸಿ ವಾಪಸು ಕೊಟ್ಟರು. ಬಿಸಿನೀರಿನಲ್ಲಿ ಅದ್ದಿ ತಂದೆ. ಈ ಸಲ ಬಾಯಿ ತೆರೆದರು. ಗಂಜಿ ಕುಡಿಸಿದೆ, ಪ್ರತಿ ಚಮಚಕ್ಕೂ ಕಾದು. ಮುಗಿಸಿ ಗಡಿಯಾರ ನೋಡಿದರೆ ಮುಕ್ಕಾಲು ಗಂಟೆಯಾಗಿತ್ತು. ಅಷ್ಟು ಹೊತ್ತು ಆ ಗೆಳತಿಯ ಮುಖ ನನ್ನ ತಲೆಯೊಳಗೆ ಬಂದಿರಲಿಲ್ಲ. ಎಷ್ಟೋ ತಿಂಗಳಲ್ಲಿ ಅದೇ ಮೊದಲು.

ಮೂರನೆಯ ದಿನ ಸಂಜೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ. ಮಗಳು ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ತಮಿಳು ಆಂಟಿಯ ಹತ್ತಿರ ಇರುವುದೆಂದು ನಿಶ್ಚಯವಾಯಿತು. ಎರಡು ವರ್ಷ ಹೇಗೆ ಹೋಯಿತೆಂದು ಈಗ ನೆನಪಿಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಮುಗಿಸಿದೆ.

ಕೊನೆಯ ಪರೀಕ್ಷೆಗಳು ಮುಗಿದ ಸುಮಾರಿನಲ್ಲಿ, ಒಂದು ಕೆಲಸಕ್ಕೆಂದು ಸೆರಂಗೂನ್‌ಗೆ ಹೋದವಳು ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಅವಳು ಬಂದು ಪಕ್ಕದಲ್ಲಿ ನಿಂತಳು. ತೆಳ್ಳಗಾಗಿದ್ದಳು. ಒಂದು ಟ್ಯೂಷನ್ ಸೆಂಟರಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ ಅಂದಳು. ನಾನು ಏನೂ ಕೇಳಿರಲಿಲ್ಲ.

"ಒಂದ್ ಮಾತು ನಂಬ್ತೀಯಾ?" ಅಂದಳು. "ನಂಗೆ ನಿಜವಾಗ್ಲೂ ನರ್ಸ್ ಆಗ್ಬೇಕು ಅಂತಿತ್ತು. ನೀನು ಆ ಪೇಪರ್ ತೋರಿಸೋ ಮುಂಚಿಂದ. ಬರೆಯಕ್ಕೆ ನನ್ ಹತ್ರ ಏನೂ ಇರ್ಲಿಲ್ಲ, ಅಷ್ಟೇ."

"ಗೊತ್ತು," ಅಂದೆ.

ಗೊತ್ತಿತ್ತು. ನನ್ನ ಪುಟ ಹಿಂದಿರುಗಿಸುವಾಗ ಅವಳ ಕಣ್ಣಲ್ಲಿದ್ದ ನೀರು ನಾಟಕದ್ದಲ್ಲ ಎಂದು ಆ ಸಂದರ್ಶನದ ಕೋಣೆಯಲ್ಲಿ ಕೂತಾಗಲೂ ಗೊತ್ತಿತ್ತು. ಗೊತ್ತಿದ್ದೇ ಬ್ಯಾಗಿನ ಜಿಪ್ಪು ಎಳೆದಿದ್ದೆ.

ಅವಳು ಇನ್ನೇನೋ ಹೇಳಲಿಕ್ಕೆ ಬಾಯಿ ತೆರೆದಳು. ನನ್ನ ಬಸ್ಸು ಬಂತು. ಹತ್ತಿ, ಅವಳು ಕಾಣದ ಕಡೆಯ ಕಿಟಕಿಯ ಪಕ್ಕ ಕೂತೆ.